ಬಾಯಿ ಮುಚ್ಚಿಕೊಳ್ಳುವ ತರಬೇತಿ

ಎರಡು ದಿನದ ತರಬೇತಿ ಮುಗಿಸಿ ಬಂದೆ. ಸಕ್ಕರೆ ಕಾಯಿಲೆ, ಬಿಪಿ, ಅಸ್ತಮಾ ಇರುವವರು ತಮ್ಮನ್ನು ತಾವೇ ನೋಡಿಕೊಳ್ಳಲು ನಾವು ನರ್ಸ್‌ಗಳು ಹೇಗೆ ಜೊತೆಗಿರಬೇಕು ಅನ್ನೋದು ವಿಷಯ. ವರ್ಷಕ್ಕೆ 8760 ಗಂಟೆ. ಅದರಲ್ಲಿ ಅವರು ನಮ್ಮೆದುರು ಕೂರುವುದು ಎಷ್ಟು ಹೊತ್ತು? ಉಳಿದದ್ದೆಲ್ಲ ಅವರೇ ನಿಭಾಯಿಸಬೇಕು, ಅಲ್ವಾ?

ಸ್ಲೈಡುಗಳು ಸುಮಾರಾಗಿದ್ದವು. ಮಜಾ ಬಂದದ್ದು ಅಭಿನಯದಲ್ಲಿ. ಗೆಳತಿ ರೋಗಿಯಾದಳು. "ದಿನಾ ಅರ್ಧ ಗಂಟೆ ನಡೀಬೇಕು, ಆಗುತ್ತೋ ಇಲ್ವೋ" ಅಂದಳು. ನನ್ನ ಉಪದೇಶ ಶುರು! ತರಬೇತುದಾರರು ತಡೆದರು. ಮಾಡಬಲ್ಲೆ ಅನ್ನೋ ನಂಬಿಕೆ ಎಷ್ಟಿದೆ, 10ಕ್ಕೆ ಅಂಕ ಕೊಡಿ ಅಂತ ಕೇಳಬೇಕಂತೆ. "4" ಅಂದಳು. "ಇಷ್ಟೇನಾ?" ಅನ್ನಲು ಹೊರಟೆ. ತಪ್ಪು. "2 ಅಲ್ಲ, 4 ಯಾಕೆ?" ಅನ್ನಬೇಕು. ಕೇಳಿದ್ದೇ ತಡ, ಕಾರಣಗಳನ್ನೆಲ್ಲ ಅವಳೇ ಹೇಳಿದಳು. ಅಂಕ 7ಕ್ಕಿಂತ ಕಡಿಮೆಯಿದ್ದರೆ ಗುರಿಯನ್ನೇ ಚಿಕ್ಕದು ಮಾಡಬೇಕು. ವಾರಕ್ಕೆ ಮೂರು ದಿನ, ಹತ್ತು ನಿಮಿಷ ಅಂದೆವು. "8" ಅಂದಳು.

ಇಷ್ಟು ವರ್ಷ "ಅರ್ಥ ಆಯ್ತಾ?" ಅಂತಷ್ಟೇ ಕೇಳಿದ್ದೇನೆ. ಎಲ್ಲರೂ ಸುಮ್ನೆ ತಲೆಯಾಡಿಸಿದ್ದಾರೆ. ಇವತ್ತು ಒಬ್ಬರಿಗೆ, "ನಾನು ಸರಿಯಾಗಿ ಹೇಳಿಕೊಟ್ಟೆನಾ ನೋಡೋಣ, ಇನ್‌ಹೇಲರ್ ತಗೊಂಡು ತೋರಿಸಿ" ಅಂದೆ. ಇನ್‌ಹೇಲರನ್ನು ಅಲ್ಲಾಡಿಸಲೇ ಇಲ್ಲ. ಮೊದಲು ಒತ್ತಿದರು, ಆಮೇಲೆ ಉಸಿರೆಳೆದರು. ಔಷಧಿಯೆಲ್ಲ ನಾಲಿಗೆ ಮೇಲೆ. ಎರಡು ವರ್ಷದಿಂದ ಹೀಗೇ ತಗೊಳ್ತಿದ್ದಾರಂತೆ.