ಮೊದಲು ಬೆಟ್ಟದ ದಿನಾಂಕ, ಆಮೇಲೆ ಉಳಿದದ್ದು

ಯುರೋಪ್ ಪ್ರವಾಸದ ಮಾತು ಬಂದಾಗ ಉಡುಪಿ, ಮಂಗಳೂರು ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಮೊದಲು ತಯಾರಾಗುವುದು ನಗರಗಳ ಪಟ್ಟಿ. ಪ್ಯಾರಿಸ್, ರೋಮ್, ವೆನಿಸ್, ಸ್ವಿಟ್ಜರ್ಲೆಂಡಿನ ಒಂದು ಹಿಮಶಿಖರ, ಇವೆಲ್ಲವನ್ನೂ ಒಂದೇ ರಜೆಯಲ್ಲಿ ಮುಗಿಸುವ ಒಂದು ಟೂರ್ ಬಸ್ಸು. ನಮ್ಮ ಮನೆಯ ಬೇಡಿಕೆಗಳು ಆ ಬಸ್ಸಿಗೆ ಹೊಂದುವಂತಿರಲಿಲ್ಲ. ಡಿಗ್ರಿ ಓದುತ್ತಿರುವ ಮಗಳಿಗೆ ಬೆಟ್ಟದಲ್ಲಿ ನಡೆಯಬೇಕು, ಹೆಂಡತಿಗೆ ನಿಶ್ಚಿಂತೆಯಿಂದ ಈಜಬಹುದಾದ ಸಮುದ್ರ ಬೇಕು, ನನಗೆ ಹಳೆಯ ನಗರಗಳ ಬೀದಿಗಳು ಬೇಕು, ಜೊತೆಗೆ ಬರುವ ಅತ್ತೆಯವರಿಗೆ ಮನಸ್ಸಿಗೆ ಕಿರಿಕಿರಿಯಾಗದ ಸಸ್ಯಾಹಾರ ಸಿಗಬೇಕು. ನಕ್ಷೆ ಮತ್ತು ರೈಲಿನ ವೇಳಾಪಟ್ಟಿಗಳ ಮುಂದೆ ಬಹಳ ಸಂಜೆಗಳನ್ನು ಕಳೆದ ಮೇಲೆ ನನಗೆ ದೃಢವಾದ ಮಾತು ಒಂದು: ಇಂತಹ ಪ್ರವಾಸದ ಲೆಕ್ಕವನ್ನು ಬೆಟ್ಟದಿಂದಲೇ ಆರಂಭಿಸಬೇಕು. ನಗರ ವರ್ಷವಿಡೀ ತೆರೆದಿರುತ್ತದೆ, ಸಮುದ್ರ ಹಲವು ತಿಂಗಳು ಅನುಕೂಲವಾಗಿರುತ್ತದೆ, ಆದರೆ ಆಲ್ಪ್ಸ್‌ನ ಎತ್ತರದ ದಾರಿಗಳು ಮತ್ತು ಅಲ್ಲಿನ ತಂಗುಮನೆಗಳು ಮಾತ್ರ ಹೆಚ್ಚಾಗಿ ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗಷ್ಟೇ ನಮ್ಮಂತಹ ಸಾಧಾರಣ ನಡಿಗೆಯವರಿಗೆ ಸಿಗುತ್ತವೆ.

ಇದು ನಮ್ಮ ಕರಾವಳಿಯ ಕ್ಯಾಲೆಂಡರಿಗೆ ನೇರವಾಗಿ ಅಡ್ಡ ಬರುವ ಸಂಗತಿ. ನಮ್ಮಲ್ಲಿ ರಜೆಯೆಂದರೆ ಏಪ್ರಿಲ್ ಮತ್ತು ಮೇ. ಆ ತಿಂಗಳುಗಳಲ್ಲಿ ಎತ್ತರದ ದಾರಿಗಳಲ್ಲಿ ಇನ್ನೂ ಹಿಮವಿರುತ್ತದೆ, ತಂಗುಮನೆಗಳ ಬಾಗಿಲು ಮುಚ್ಚಿರುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬೆಟ್ಟ ತೆರೆದಿದ್ದರೂ ಯುರೋಪಿನವರಿಗೇ ಬೇಸಿಗೆ ರಜೆ. ಅದರಲ್ಲೂ ಇಟಲಿಯಲ್ಲಿ ಆಗಸ್ಟ್ 15ರ ಹಬ್ಬದ ಆಸುಪಾಸಿನಲ್ಲಿ ಸಮುದ್ರತೀರದ ಊರುಗಳಲ್ಲಿ ಕೋಣೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಆದ್ದರಿಂದ ಚೌತಿ ಮುಗಿದ ಮೇಲೆ ನವರಾತ್ರಿಯ ಒಳಗೆ ಮರಳುವಂತೆ ಸೆಪ್ಟೆಂಬರನ್ನೇ ಆರಿಸಿಕೊಂಡೆವು. ಮಗಳ ಕಾಲೇಜಿಗೆ ಕೆಲವು ದಿನ ರಜೆ ಹಾಕಬೇಕಾಗುತ್ತದೆ. ಈ ಪ್ರವಾಸಕ್ಕಾಗಿ ಅದನ್ನು ಒಪ್ಪಿಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ.

ಮುಂದಿನ ನಿರ್ಧಾರ, ಹಲವು ದೇಶಗಳ ಬದಲು ಉತ್ತರ ಇಟಲಿ ಒಂದನ್ನೇ ಹಿಡಿಯುವುದು. ಆಲ್ಪ್ಸ್‌ನ ಭಾಗವಾದ ಡೊಲೊಮೈಟ್ಸ್ ಬೆಟ್ಟಸಾಲು, ಬೊಲೋನಾದಂತಹ ನಗರ, ಲಿಗುರಿಯಾದ ಕಡಲತೀರ, ಈ ಮೂರೂ ರೈಲಿನಲ್ಲಿ ಒಂದಕ್ಕೊಂದು ಒಂದು ಹಗಲಿನ ಅಂತರದಲ್ಲಿವೆ. ಮೊದಲು ಸಮುದ್ರ, ಕೊನೆಗೆ ಬೆಟ್ಟ ಎಂದು ನಾವು ಅಂದುಕೊಂಡಿದ್ದೆವು. ಈಗ ಅದನ್ನು ತಿರುಗಿಸಿದ್ದೇವೆ. ಸೆಪ್ಟೆಂಬರ್ ಸರಿದಂತೆ ಬೆಟ್ಟ ಬೇಗ ತಣ್ಣಗಾಗುತ್ತದೆ, ಆದರೆ ಬೇಸಿಗೆಯಿಡೀ ಕಾದ ಮೆಡಿಟರೇನಿಯನ್ ನೀರು ತಿಂಗಳ ಕೊನೆಯವರೆಗೂ ಈಜುವಷ್ಟು ಬೆಚ್ಚಗಿರುತ್ತದೆ. ಹಾಗಾಗಿ ಜರ್ಮನಿಯ ಮ್ಯೂನಿಕ್‌ನಲ್ಲಿ ಇಳಿದು, ಒಂದು ರಾತ್ರಿ ವಿಶ್ರಾಂತಿ ಪಡೆದು, ಬ್ರೆನ್ನರ್ ಕಣಿವೆಮಾರ್ಗವಾಗಿ ನೇರ ರೈಲಿನಲ್ಲಿ ಡೊಲೊಮೈಟ್ಸ್ ಬಳಿಯ ಬೊಲ್ಜಾನೊ ನಗರ ತಲುಪುವುದು. ಅಲ್ಲಿಂದ ದಕ್ಷಿಣಕ್ಕೆ ಇಳಿಯುತ್ತ ಬೊಲೋನಾ, ನಂತರ ಕಡಲತೀರ, ಕೊನೆಗೆ ಮಿಲಾನಿನಿಂದ ವಿಮಾನ. ಬಂದ ಊರಿಗೇ ಮರಳಿ ಹೋಗುವ ಒಂದು ದಿನ ಇದರಿಂದ ಉಳಿಯುತ್ತದೆ.

ಡೊಲೊಮೈಟ್ಸ್ 2009ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪ್ರದೇಶ. ಅಲ್ಲಿನ ಚಿತ್ರಗಳಲ್ಲಿ ಎಲ್ಲೆಲ್ಲೂ ಕಾಣುವುದು ಟ್ರೆ ಚಿಮೆ ಎಂಬ ಮೂರು ಕಲ್ಲಿನ ಗೋಪುರಗಳು. ನಾವು ಅದನ್ನು ಬಿಟ್ಟು, ಆಲ್ಪೆ ದಿ ಸಿಯೂಸಿ ಎಂಬ ಎತ್ತರದ ಹುಲ್ಲುಗಾವಲನ್ನು ಆರಿಸಿದೆವು, ಕಾರಣ ಅತ್ತೆ. ಯುರೋಪಿನ ಅತಿ ದೊಡ್ಡ ಎತ್ತರದ ಹುಲ್ಲುಗಾವಲು ಎನ್ನಿಸಿಕೊಂಡಿರುವ ಅದಕ್ಕೆ ಕೆಳಗಿನ ಊರಿನಿಂದ ಕೇಬಲ್ ಕಾರ್ ಇದೆ, ಮೇಲೆ ಮಂಡಿಗೆ ಶ್ರಮವಾಗದ ಸಮತಟ್ಟಾದ ದಾರಿಗಳಿವೆ. ಹಗಲು ಹೊತ್ತಿನಲ್ಲಿ ಖಾಸಗಿ ಕಾರುಗಳಿಗೆ ಪ್ರವೇಶ ನಿರ್ಬಂಧವಿರುವುದರಿಂದ ನಡೆಯುವವರಿಗೆ ನೆಮ್ಮದಿ. ಅದೇ ಹುಲ್ಲುಗಾವಲಿನಿಂದ ಶ್ಲೆರ್ನ್ ಬೆಟ್ಟದ ಮೇಲಿರುವ ಬೊಲ್ಜಾನೊ ತಂಗುಮನೆಗೆ ದಾರಿ ಹೋಗುತ್ತದೆ. ತಂಗುಮನೆ ಇರುವುದು 2,457 ಮೀಟರ್ ಎತ್ತರದಲ್ಲಿ, ಏರಬೇಕಾದದ್ದು ಸುಮಾರು 600 ಮೀಟರ್. ಕುಕ್ಕೆಯಿಂದ ಕುಮಾರಪರ್ವತದ ತುದಿಗೆ ಹೋದವರು ಅದರ ಎರಡು ಪಟ್ಟಿಗೂ ಹೆಚ್ಚು ಏರಿರುತ್ತಾರೆ, ಆದ್ದರಿಂದ ಅಂಕಿ ನೋಡಿ ಹೆದರಬೇಕಿಲ್ಲ. ಅಪ್ಪ, ಮಗಳು ಅಲ್ಲಿ ರಾತ್ರಿ ತಂಗುವುದು, ಅವಳ ಅಮ್ಮ ಮತ್ತು ಅಜ್ಜಿ ಕಣಿವೆಯ ಊರಿನಲ್ಲೇ ಉಳಿಯುವುದು ಎಂದು ಮಾತಾಗಿದೆ.

ಈ ತಂಗುಮನೆಗಳನ್ನು ಹೋಟೆಲಿನಂತೆ ಭಾವಿಸಬಾರದು. ಕುಮಾರಪರ್ವತದ ದಾರಿಯಲ್ಲಿ ಸಿಗುವ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ, ಸಾಂಬಾರ್ ಉಂಡು ಮುಂದೆ ಹತ್ತಿದವರಿಗೆ ಆ ವಾತಾವರಣ ಸುಲಭವಾಗಿ ಅರ್ಥವಾಗುತ್ತದೆ: ಎಲ್ಲರಿಗೂ ಒಂದೇ ಹೊತ್ತಿಗೆ ಊಟ, ಸಾಲು ಮಂಚಗಳು, ಬೇಗ ದೀಪ ಆರಿಸುವ ಪದ್ಧತಿ. ರಾತ್ರಿಯೂಟ ಮತ್ತು ಬೆಳಗಿನ ತಿಂಡಿ ಸೇರಿದ ದರದಲ್ಲಿ ಹಾಸಿಗೆ ಕಾಯ್ದಿರಿಸಬಹುದು. ಹೊದಿಕೆ ಅವರೇ ಕೊಡುತ್ತಾರೆ, ಅದರೊಳಗೆ ಹಾಸಿಕೊಳ್ಳುವ ಚೀಲದಂತಹ ತೆಳು ಬಟ್ಟೆಯನ್ನು ಸಾಮಾನ್ಯವಾಗಿ ನಾವು ಒಯ್ಯಬೇಕು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು, ಮಿಂಚು ಅಲ್ಲಿ ಸಾಮಾನ್ಯವಾದ್ದರಿಂದ ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ಸೂರು ಸೇರುವುದು ಕ್ಷೇಮ. ಇಡೀ ದಿನ ಮಳೆ ಹಿಡಿದರೆ ಬೊಲ್ಜಾನೊ ನಗರದ ಪುರಾತತ್ವ ವಸ್ತುಸಂಗ್ರಹಾಲಯವಿದೆ. 1991ರಲ್ಲಿ ಹಿಮದಡಿ ಸಿಕ್ಕಿದ, 5,000 ವರ್ಷಗಳಿಗೂ ಹಳೆಯದಾದ ಓಟ್ಜಿ ಎಂಬ ಮನುಷ್ಯನ ದೇಹ ಅಲ್ಲಿದೆ.

ಸಮುದ್ರದ ಭಾಗಕ್ಕೆ ಚಿಂಕ್ವೆ ತೆರ್ರೆಯ ಐದು ಹಳ್ಳಿಗಳ ಪಕ್ಕದ ಲೆವಾಂತೊ ಎಂಬ ಊರನ್ನು ನೆಲೆಯಾಗಿ ಮಾಡಿಕೊಳ್ಳುತ್ತೇವೆ. ಹಳ್ಳಿಗಳ ನಡುವೆ ರೈಲು ಕೆಲವೇ ನಿಮಿಷಗಳ ಹಾದಿ, ಕಾಲುದಾರಿಯೂ ಇದೆ. ಮೊಂತೆರೊಸ್ಸೊದಿಂದ ವೆರ್ನಾಜ್ಜಾಕ್ಕೆ ದ್ರಾಕ್ಷಿತೋಟಗಳ ಅಂಚಿನಲ್ಲಿ ಸುಮಾರು ಎರಡು ಗಂಟೆಯ ನಡಿಗೆ. 2012ರಲ್ಲಿ ಕಲ್ಲು ಕುಸಿದು ಮುಚ್ಚಿದ್ದ, ಪ್ರೇಮಪಥವೆಂದೇ ಹೆಸರಾದ ಸಣ್ಣ ದಾರಿ 2024ರಲ್ಲಿ ಮತ್ತೆ ತೆರೆಯಿತು. ಇಲ್ಲಿಯೂ ತಡಮಾಡುವಂತಿಲ್ಲ: 2011ರ ಅಕ್ಟೋಬರ್ 25ರಂದು ಸುರಿದ ಭಾರೀ ಮಳೆಗೆ ಮೊಂತೆರೊಸ್ಸೊ ಮತ್ತು ವೆರ್ನಾಜ್ಜಾದ ಬೀದಿಗಳಲ್ಲಿ ಕೆಸರು ತುಂಬಿ ಜೀವಹಾನಿಯಾಗಿತ್ತು. ಮಲ್ಪೆಯಲ್ಲಿ ಸೆಪ್ಟೆಂಬರಿನ ಅಬ್ಬರದ ಅಲೆಗಳನ್ನು ನೋಡಿ ಬೆಳೆದ ನನ್ನ ಹೆಂಡತಿಗೆ, ಏರಿಳಿತ ಹೆಚ್ಚಿಲ್ಲದ ಆ ತಿಳಿನೀರಿನಲ್ಲಿ ಈಜುವ ಆಸೆ ಬಹಳ ದಿನಗಳದ್ದು.

ಊಟದ ವಿಚಾರಕ್ಕೆ ನಾನು ಅತಿ ಹೆಚ್ಚು ಸಮಯ ಕೊಟ್ಟಿದ್ದೇನೆ, ಏಕೆಂದರೆ ಹಿರಿಯರನ್ನು ಕರೆದುಕೊಂಡು ಹೋಗಿ ಅವರ ನಂಬಿಕೆಗೆ ಧಕ್ಕೆಯಾಗುವ ಪದಾರ್ಥವನ್ನು ತಿಳಿಸದೆ ಬಡಿಸುವುದು ಸರಿಯಲ್ಲ. ಇಟಲಿಯಲ್ಲಿ ಸಸ್ಯಾಹಾರ ಸುಲಭ ಎಂಬ ಮಾತು ಅರ್ಧ ಮಾತ್ರ ನಿಜ. ಪಾರ್ಮಿಜಾನೊ ಚೀಸಿಗೆ ಹಾಲನ್ನು ಒಡೆಸಲು ಬಳಸುವ ರೆನ್ನೆಟ್ ಕರುವಿನ ಹೊಟ್ಟೆಯಿಂದ ಬರುತ್ತದೆ. ಗ್ರಾನಾ ಪದಾನೊ ಎಂಬ ಚೀಸ್ ಕೂಡ ಹಾಗೆಯೇ. ರಿಸೊಟ್ಟೊ ಎಂಬ ಅಕ್ಕಿಯ ಅಡುಗೆಯನ್ನು ಹಲವೆಡೆ ಮಾಂಸದ ಕಟ್ಟಿನಲ್ಲಿ ಬೇಯಿಸುತ್ತಾರೆ. ಬೊಲೋನಾ ಸೀಮೆಯ ಪಿಯದೀನಾ ರೊಟ್ಟಿಯ ಹಿಟ್ಟಿಗೆ ಹಂದಿಯ ಕೊಬ್ಬು ಸೇರಿಸುವುದು ಹಳೆಯ ವಾಡಿಕೆ, ಅಲ್ಲಿನ ಪ್ರಸಿದ್ಧ ತೊರ್ತೆಲ್ಲಿನಿಯ ಹೂರಣವೂ ಹಂದಿಮಾಂಸದ್ದೇ. ಇವನ್ನೆಲ್ಲ ಅತ್ತೆಯವರಿಗೆ ಮೊದಲೇ ವಿವರಿಸಿದೆ. ಅವರು ಶಾಂತವಾಗಿ ಕೇಳಿ, "ಹಾಗಾದ್ರೆ ನನಗೆ ಚೀಸ್ ಬೇಡ, ಉಳಿದದ್ದರಲ್ಲಿ ಏನು ಸಿಗ್ತದೆ ನೋಡು" ಅಂದರು.

ಉಳಿದದ್ದರಲ್ಲಿ ಸಿಗುವುದು ಕಡಿಮೆಯೇನಲ್ಲ, ಮತ್ತು ಅದು ಹೆಚ್ಚಾಗಿ ಸಿಗುವುದು ಲಿಗುರಿಯಾದಲ್ಲಿ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಇಷ್ಟನ್ನೇ ಕಲಸಿ ಅಗಲವಾದ ತಟ್ಟೆಯಲ್ಲಿ ಒಲೆಗಿಟ್ಟು ಬೇಯಿಸುವ ಫರಿನಾತಾ ಅಲ್ಲಿನ ಬೀದಿಯ ತಿಂಡಿ. ಸಾದಾ ಫೊಕಾಚ್ಚ ರೊಟ್ಟಿಗೂ ಆಲಿವ್ ಎಣ್ಣೆಯೇ. ಮರಿನಾರಾ ಪಿಜ್ಜಾದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ ಬಿಟ್ಟರೆ ಚೀಸ್ ಇರುವುದಿಲ್ಲ. ತುಳಸಿಯ ಜಾತಿಯ ಎಲೆಗಳನ್ನು ಅರೆದು ಮಾಡುವ ಪೆಸ್ತೊ ಆ ಸೀಮೆಯ ಹೆಮ್ಮೆ, ಆದರೆ ಅದರಲ್ಲಿ ಚೀಸ್ ಇರುವುದರಿಂದ ಅದು ನಮಗೆ ಮೂವರಿಗೆ ಮಾತ್ರ. ಹೊರಗೆ ಹೋದಾಗ ಮೀನು ತಿನ್ನುವ ಮಗಳಿಗೆ ಮೊಂತೆರೊಸ್ಸೊದ ಉಪ್ಪು ಹಾಕಿದ ಆಂಚೊವಿ ಇದೆ. ನಮ್ಮ ಕೊಲ್ಲತರುವಿನ ಬಳಗದ ಮೀನು ಅದು. ಈ ಲೆಕ್ಕದಿಂದಾಗಿ ಬೊಲೋನಾದ ರಾತ್ರಿಗಳನ್ನು ಕಡಿಮೆ ಮಾಡಿ ಕಡಲತೀರದಲ್ಲಿ ಹೆಚ್ಚಿಸಿದೆವು. 1088ರಿಂದ ನಡೆದು ಬಂದಿದೆಯೆನ್ನುವ ವಿಶ್ವವಿದ್ಯಾಲಯದ ಆ ಊರನ್ನು, ಮಳೆಯಲ್ಲೂ ನೆನೆಯದೆ ನಡೆಯಬಹುದಾದ ಅದರ ಕಮಾನಿನ ಜಗಲಿಗಳನ್ನು ಪೂರ್ತಿ ಬಿಡಲು ಮಾತ್ರ ನನಗೆ ಮನಸ್ಸಾಗಲಿಲ್ಲ.

ಬೆಟ್ಟ ಮತ್ತು ಕಡಲು ಎರಡೂ ಕಡೆ ಅಡುಗೆಮನೆಯಿರುವ ಮನೆಗಳನ್ನೇ ನೋಡಿದ್ದೇವೆ. ಅಕ್ಕಿ, ಸಾರಿನ ಪುಡಿ ಜೊತೆಗಿರುತ್ತವೆ. ಪ್ರಯಾಣಿಕರು ಹೊರಗಿನಿಂದ ಮಾಂಸ ಮತ್ತು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿರುವುದರಿಂದ ಮನೆಯ ತುಪ್ಪ ಮತ್ತು ಹಾಲಿನ ಸಿಹಿಯನ್ನು ಇಲ್ಲಿಯೇ ಬಿಡಬೇಕು; ಹಸಿ ಕರಿಬೇವೂ ಬೇಡ.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ ನಿಯಮದಲ್ಲಿ ಮುಖ್ಯವಾದದ್ದು, ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕುವುದು. ನಾವು ಇಳಿಯುವುದು ಜರ್ಮನಿಯಲ್ಲಾದರೂ ಅರ್ಜಿ ಇಟಲಿಗೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಸಲ್ಲಿಸಬಹುದು, ವಯಸ್ಕರಿಗೆ ಶುಲ್ಕ 90 ಯುರೋ, ಕನಿಷ್ಠ 30,000 ಯುರೋ ವೈದ್ಯಕೀಯ ರಕ್ಷಣೆಯ ವಿಮೆ ಕಡ್ಡಾಯ. ಬೆರಳಚ್ಚಿಗಾಗಿ ನಾಲ್ವರೂ ಬೆಂಗಳೂರಿಗೆ ಹೋಗಬೇಕು. ಚಾರಣವನ್ನು ಸಾಹಸ ಕ್ರೀಡೆಯೆಂದು ಹೊರಗಿಡುವ ವಿಮಾ ಪಾಲಿಸಿಗಳಿರುವುದರಿಂದ ಷರತ್ತುಗಳನ್ನು ಪೂರ್ತಿ ಓದಿಯೇ ಹಣ ಕಟ್ಟಬೇಕು.

ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಿಂದ ಕೊಲ್ಲಿಯ ಊರಿಗೆ ಒಂದು ಟಿಕೆಟ್, ಅಲ್ಲಿಂದ ಯುರೋಪಿಗೆ ಬೇರೊಂದು ಟಿಕೆಟ್ ಎಂದು ಮಾಡಿದರೆ ಹಣ ಉಳಿಯಬಹುದು. ಆದರೆ ಮೊದಲ ವಿಮಾನ ತಡವಾದರೆ ಎರಡನೆಯದರವರಿಗೆ ಹೊಣೆಯಿರುವುದಿಲ್ಲ, ಆದ್ದರಿಂದ ಅತ್ತೆ ಜೊತೆಗಿರುವಾಗ ನಾನು ಅದನ್ನು ಒಪ್ಪಲಾರೆ. ಬೆಂಗಳೂರಿನಿಂದ ಒಂದೇ ಟಿಕೆಟಿನಲ್ಲಿ ಹೋಗುತ್ತೇವೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ, ರೈಲು ನಿಲ್ಲುವುದು ಹೊಸತಲ್ಲವಾದ್ದರಿಂದ ವಿಮಾನಕ್ಕೆ ಒಂದು ಪೂರ್ತಿ ದಿನ ಮುಂಚೆ ಬೆಂಗಳೂರು ಸೇರಿರುತ್ತೇವೆ.

ತಂಗುಮನೆಯ ಹಾಸಿಗೆಗಳು ಖಚಿತವಾದ ಮೇಲೆಯೇ ವಿಮಾನದ ಟಿಕೆಟ್, ಅದರ ನಂತರ ಉಳಿದ ಮನೆಗಳು, ಕೊನೆಗೆ ರೈಲು, ಈ ಕ್ರಮವನ್ನು ಬದಲಿಸುವುದಿಲ್ಲ. ಚಾರಣದ ಬೂಟುಗಳನ್ನು ಈಗಲೇ ಕೊಂಡು, ಭಾನುವಾರಗಳಂದು ಕಾರ್ಕಳದ ಗೊಮ್ಮಟ ಬೆಟ್ಟದ ಮೆಟ್ಟಿಲುಗಳಲ್ಲಿ ಹಾಕಿಕೊಂಡು ಹತ್ತಿಳಿಯುತ್ತಿದ್ದೇವೆ. ಮಗಳು ಬೆನ್ನಿಗೆ ನೀರು ತುಂಬಿದ ಬಾಟಲಿಗಳ ಚೀಲವನ್ನೂ ಹಾಕಿಕೊಳ್ಳುತ್ತಾಳೆ.