ಪುಟ್ಟಿಗೆ ಗೆಳತಿ ಸಿಕ್ಕಿದ್ದು ಮೊಲದ ಗೂಡಿನ ಪಕ್ಕದಲ್ಲಿ

ಸಾಗರದಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ: "ಮಗು ಯಾರ ಜೊತೆ ಆಡುತ್ತದೆ ಮಾರಾಯ್ತಿ?" ಒಂದು ವರ್ಷ ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ.

ಯಜಮಾನರ ಕೆಲಸದಿಂದಾಗಿ ಅಮೆರಿಕದ ಫ್ಲಾರಿಡಾ ರಾಜ್ಯದೊಳಗೇ ಎರಡು ಸಲ ಊರು ಬದಲಿಸಿದ್ದೆವು. ಮೂರನೆಯ ಸಲವೂ ಹೊಸ ಶಾಲೆ, ಹೊಸ ಮುಖಗಳು ಎಂದಾಗ ಪುಟ್ಟಿ ಊಟ ಬಿಟ್ಟು ಅತ್ತಳು. ಈ ರಾಜ್ಯದಲ್ಲಿ ಸರ್ಕಾರಿ ಆನ್‌ಲೈನ್ ಶಿಕ್ಷಣ 1997ರಿಂದಲೇ ಇದೆ. ಇಲ್ಲಿನ ಮಕ್ಕಳಿಗೆ ಶುಲ್ಕವಿಲ್ಲ, ಮನೆ ಬದಲಾದರೂ ಓದು ನಿಲ್ಲುವುದಿಲ್ಲ. ಆರನೇ ತರಗತಿಯನ್ನು ಅವಳು ಮನೆಯಲ್ಲೇ ಕುಳಿತು ಓದಿದಳು.

ಪಾಠದ ಬಗ್ಗೆ ನನಗೆ ಯಾವ ದೂರೂ ಇಲ್ಲ. ಆದರೆ ಮಧ್ಯಾಹ್ನ ಮೊಸರನ್ನದ ಬಟ್ಟಲು ಹಿಡಿದು ಕಿಟಕಿಯಲ್ಲಿ ಕೂರುವಳು. ಅಂಚೆಯವರ ಬಿಳಿ ಗಾಡಿ ಕಂಡೊಡನೆ ಬಟ್ಟಲು ಕೆಳಗಿಟ್ಟು ಓಡುವಳು, ಕೈಬೀಸಿ ಬರುವಳು. ಎಷ್ಟೋ ದಿನ ಅವಳು ನೋಡಿದ ಹೊರಗಿನವರ ಮುಖ ಅದೊಂದೇ. ಅದನ್ನು ಅರ್ಥ ಮಾಡಿಕೊಂಡ ದಿನ ನನಗೆ ಕರುಳು ಹಿಂಡಿದಂತಾಯಿತು.

ಊರಿನಲ್ಲಾದರೆ ಬೇಲಿ ದಾಟಿದರೆ ಆಯಿತು, ಯಾರದೋ ಅಂಗಳದಲ್ಲಿ ಮಕ್ಕಳು ಇದ್ದೇ ಇರುತ್ತಾರೆ. ನಮ್ಮ ಬಡಾವಣೆಯಲ್ಲಿ ಆಟಕ್ಕೂ ವಾರದ ಮೊದಲೇ ಸಂದೇಶ ಕಳುಹಿಸಿ ದಿನ ಗೊತ್ತುಮಾಡಬೇಕು. ಕಾರಿಲ್ಲದೆ ಮಗು ಎಲ್ಲಿಗೂ ಹೋಗಲಾರದು.

ಮೊದಲು ಆನ್‌ಲೈನ್ ಚಿತ್ರಕಲಾ ಸಂಘಕ್ಕೆ ಸೇರಿಸಿದೆ. ಮಕ್ಕಳು ಒಳ್ಳೆಯವರೇ, ಅವಳ ಚಿತ್ರಗಳನ್ನು ಮೆಚ್ಚಿದರು. ಆದರೆ ಗಂಟೆ ಮುಗಿದೊಡನೆ ಗುಂಡಿ ಒತ್ತಿದರೆ ಎಲ್ಲರೂ ಮಾಯ. ನನ್ನ ಶಾಲೆಯ ಗೆಳತಿಯರನ್ನು ನೆನೆದುಕೊಂಡೆ. ಅವರು ನನಗೆ ಸಿಕ್ಕಿದ್ದು ತರಗತಿಯಲ್ಲಲ್ಲ, ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಕಾಯುತ್ತಿದ್ದ ಹೊತ್ತಿನಲ್ಲಿ. ಪುಟ್ಟಿಗೆ ಸಿಗದೇ ಇದ್ದದ್ದು ಆ ಕೆಲಸವಿಲ್ಲದ ಕಾಲು ಗಂಟೆ.

ಆಮೇಲೆ ನಾನು ಹುಡುಕಿದ್ದು ಅದನ್ನೇ. ಆಟ ಇಷ್ಟಪಡುವ ಮಕ್ಕಳಿಗೆ ಇಲ್ಲಿನ ಕಾನೂನೇ ದಾರಿ ಮಾಡಿಕೊಟ್ಟಿದೆ: ಸರ್ಕಾರಿ ಆನ್‌ಲೈನ್ ಶಾಲೆಯ ಪೂರ್ಣಾವಧಿ ವಿದ್ಯಾರ್ಥಿಗಳು ತಮ್ಮ ವಿಳಾಸಕ್ಕೆ ಸೇರಿದ ಸರ್ಕಾರಿ ಶಾಲೆಯ ತಂಡದಲ್ಲಿ ಆಡಬಹುದು. ಯಾವ ಶಾಲೆಗೂ ಸೇರದೆ ಹೆತ್ತವರ ಬಳಿ ಮನೆಯಲ್ಲೇ ಓದುವವರಿಗೆ ಈ ಅವಕಾಶ 1996ರಲ್ಲೇ ಸಿಕ್ಕಿತ್ತು. ಹಾಗೆ ಆಡಿ ಬೆಳೆದ ಟಿಮ್ ಟೀಬೊ 2007ರಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಹೈಸ್ಮನ್ ಪ್ರಶಸ್ತಿ ಗೆದ್ದರು. ಪುಟ್ಟಿಗೆ ಚೆಂಡೆಂದರೆ ಭಯ. ಕನ್ನಡ ಕೂಟದ ನಾಟಕದ ತಾಲೀಮು ಚೆನ್ನಾಗಿತ್ತು, ಆದರೆ ಹಬ್ಬ ಮುಗಿದರೆ ಅದೂ ಮುಗಿಯಿತು.

ಕೊನೆಗೆ ಗ್ರಂಥಾಲಯದ ಮಹಿಳೆಯೊಬ್ಬರು ಫೋರ್-ಎಚ್ ಎಂಬ ಮಕ್ಕಳ ಸಂಘದ ಬಗ್ಗೆ ಹೇಳಿದರು. 1902ರಲ್ಲಿ ಒಹಾಯೊದ ಹಳ್ಳಿಮಕ್ಕಳ ಕೃಷಿ ಸಂಘದಿಂದ ಹುಟ್ಟಿದ್ದು. ಈಗ ಇಡೀ ದೇಶದಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳ ಕೃಷಿ ವಿಸ್ತರಣಾ ವಿಭಾಗಗಳು ನಡೆಸುತ್ತವೆ. ಹೆಡ್, ಹಾರ್ಟ್, ಹ್ಯಾಂಡ್ಸ್, ಹೆಲ್ತ್ ಎಂಬ ನಾಲ್ಕು ಎಚ್‌ಗಳಿಂದ ಆ ಹೆಸರು. ಪುಟ್ಟಿ ಮೊಲದ ಗುಂಪಿಗೆ ಸೇರಿದಳು.

ಮೊಲವನ್ನು ಪ್ರದರ್ಶನಕ್ಕೆ ಸಿದ್ಧಪಡಿಸುವುದು ದೊಡ್ಡ ವಿದ್ಯೆ. ಒಂದು ಕೈಯಲ್ಲಿ ಕತ್ತಿನ ಹಿಂಭಾಗ ಹಿಡಿದು, ಇನ್ನೊಂದರಲ್ಲಿ ಹಿಂಗಾಲುಗಳಿಗೆ ಆಸರೆ ಕೊಟ್ಟು, ಮೇಜಿನ ಮೇಲೆ ಮೆಲ್ಲಗೆ ಅಂಗಾತ ಮಲಗಿಸಬೇಕು. ತುಟಿ ಸರಿಸಿ ಹಲ್ಲು ನೋಡಬೇಕು. ಮೇಲಿನ ಹಲ್ಲು ಕೆಳಗಿನದಕ್ಕಿಂತ ಮುಂದಿರಬೇಕು. ಮೊದಲ ದಿನ ಪುಟ್ಟಿಯ ಕೈ ನಡುಗಿತು, ಮೊಲ ಒದೆಯಿತು. ಪಕ್ಕದ ಹುಡುಗಿ ಏನೂ ಹೇಳದೆ ತನ್ನ ಕೈಯನ್ನೂ ಮೊಲದ ಅಡಿಗಿಟ್ಟಳು. ಅಷ್ಟೇ ಆದದ್ದು.

ತರಗತಿ ಮುಗಿದ ಮೇಲೆ ಗೂಡು ತೊಳೆಯಬೇಕು, ಒಣಹುಲ್ಲು ತುಂಬಬೇಕು, ಮತ್ತೆ ಅಮ್ಮಂದಿರಿಗೆ ಕಾಯಬೇಕು. ಮಾತು ಹುಟ್ಟಿದ್ದು ಆಗಲೇ. ಆನ್‌ಲೈನ್ ಶಾಲೆಗೆ ಮಕ್ಕಳನ್ನು ಹಾಕಿರುವ ಅಪ್ಪ ಅಮ್ಮಂದಿರೇ, ಸಂಘ ಯಾವುದಾದರೂ ಸರಿ, ಪ್ರತಿ ವಾರ ಅದೇ ಮಕ್ಕಳು ಸೇರುವಂಥದ್ದನ್ನು ಹುಡುಕಿ. ಮುಗಿದ ಕೂಡಲೇ ಮಗುವನ್ನು ಎಳೆದುಕೊಂಡು ಬರಬೇಡಿ.

ನಾನೀಗ ಅಲ್ಲಿನ ಹಿರಿಯರಿಗೆ ಹೇಳಿಯೇ ಹತ್ತು ನಿಮಿಷ ತಡವಾಗಿ ಹೋಗುತ್ತೇನೆ. ದೂರದಲ್ಲಿ ಕಾರು ನಿಲ್ಲಿಸಿ ನೋಡಿದರೆ ಇಬ್ಬರೂ ಬೋರಲು ಹಾಕಿದ ಬಕೆಟ್‌ಗಳ ಮೇಲೆ ಕುಳಿತು, ಅಮ್ಮ ಕಳುಹಿಸಿದ ಚಕ್ಕುಲಿ ಮುರಿದು ಹಂಚಿಕೊಳ್ಳುತ್ತಿರುತ್ತಾರೆ. ನಾನು ಹಾರ್ನ್ ಹಾಕುವುದಿಲ್ಲ.