ಬಿಳಿ ಅಂಗಿಗೆ ಹತ್ತಿದ ಭಂಡಾರ

26 ಜನವರಿ 2025, ರವಿವಾರ
ಬೆಳಗಾವಿ, ರಾತ್ರಿ 10.40

ಮುಂಜಾನೆ ಕಾಲೇಜಿನಲ್ಲಿ ಧ್ವಜ ಏರಿಸಿ, ಒಂದು ಬೂಂದಿ ಲಾಡು ಬಾಯಿಗೆ ಹಾಕಿಕೊಂಡು, ಅದೇ ಬಿಳಿ ಅಂಗಿಯಲ್ಲಿ ಸವದತ್ತಿ ಬಸ್ಸು ಹತ್ತಿದೆ. ಮೂರು ದಿನದಿಂದ ಅಣ್ಣನ ಫೋನು. "ಗೋಧಿಗೆ ಭಂಡಾರ ಬಿದ್ದೇತಿ. ನೀ ಗಿಡದ ಮಾಸ್ತರ ಅದಿ, ಒಮ್ಮೆ ಬಂದು ನೋಡು." ಪಿಯುಸಿ ಹುಡುಗರಿಗೆ ಹೂವಿನ ಭಾಗ ಬರೆಸುವವನಿಗೂ ಹೊಲದ ರೋಗಕ್ಕೂ ಎಷ್ಟು ದೂರ ಅಂತ ಅವನಿಗೆ ಗೊತ್ತಿಲ್ಲ. ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ.

ಬನದ ಹುಣ್ಣಿಮೆ ಮುಗಿದು ಎರಡೇ ವಾರ. ಎಲ್ಲಮ್ಮನ ಗುಡ್ಡದ ಕಡೆಯಿಂದ ಬರುವವರ ಹಣೆಯಲ್ಲಿ ಇನ್ನೂ ಭಂಡಾರ. ಹೊಲಕ್ಕೆ ಕಾಲಿಟ್ಟು ಎರಡು ಸಾಲು ದಾಟುವಷ್ಟರಲ್ಲಿ ನನ್ನ ಅಂಗಿಗೂ ಹತ್ತಿತು. ಆದರೆ ಈ ರೋಗಕ್ಕೆ ಭಂಡಾರ ಅಂತ ಹೆಸರಿಟ್ಟವರು ಇದನ್ನು ನೋಡಿರಲಿಕ್ಕಿಲ್ಲ, ಇದು ಅರಿಷಿಣ ಅಲ್ಲ, ಇಟ್ಟಂಗಿಪುಡಿ. ದಂಟಿನ ಸಿಪ್ಪೆ ಉದ್ದುದ್ದ ಒಡೆದು, ಒಡೆದ ಅಂಚು ಹರಿದ ಕಾಗದದ ಹಾಗೆ ಎದ್ದು ನಿಂತಿತ್ತು. ಬೆರಳಿಟ್ಟರೆ ಕೆಂಪು. ಎಲೆ ತುಕ್ಕಲ್ಲ, ದಂಟಿನ ತುಕ್ಕು. ಪುಸ್ತಕದ ಹೆಸರು ಪಕ್ಸೀನಿಯಾ ಗ್ರಾಮಿನಿಸ್.

"ಅಂಗಡ್ಯಾಂವ ಈ ಬೀಜಕ್ಕ ರೋಗನ ಬರಂಗಿಲ್ಲ ಅಂದಿದ್ದ," ಅಂದ ಅಣ್ಣ. ಬೈಗುಳವೂ ಸೇರಿತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಬದುವಿನ ಆಚೆ ಅವ್ವನ ಹಟಕ್ಕೆ ಬಿತ್ತಿದ ಹತ್ತು ಸಾಲು ಜವೆಗೋಧಿ. ಹುಗ್ಗಿಗೆ ಬೇರೆ ಗೋಧಿ ಅವಳಿಗೆ ನಡೆಯುವುದಿಲ್ಲ. ಅದೇ ಗಾಳಿ, ಅದೇ ಕಾಲುವೆ ನೀರು, ಅದೇ ಇಬ್ಬನಿ, ಆದರೂ ದಂಟು ಹಸಿರು. ಬಗ್ಗಿ ನೋಡಿದರೆ ಮಾತ್ರ ಸಾಸಿವೆ ಕಾಳಿಗಿಂತ ಸಣ್ಣ ಒಣ ಚುಕ್ಕೆಗಳು. ರೋಗ ಅಲ್ಲಿಗೂ ಬಂದು ಬಾಗಿಲು ಬಡಿದಿದೆ. ಗಿಡ ಆ ಜಾಗದ ತನ್ನದೇ ಕೋಶಗಳನ್ನು ಕೊಂದುಕೊಂಡಿದೆ. ತುಕ್ಕಿನ ಶಿಲೀಂಧ್ರಕ್ಕೆ ಜೀವಂತ ಕೋಶವೇ ಊಟ. ಸುತ್ತ ಸತ್ತರೆ ಅದಕ್ಕೆ ಉಪವಾಸ.

ಆ ಚುಕ್ಕೆ ನೋಡಿದಾಗ ಎಂ.ಎಸ್ಸಿ. ದಿನಗಳು ನೆನಪಾದವು. 1922ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಸ್ಟೇಕ್‌ಮನ್ ಮತ್ತು ಲೆವಿನ್ ಅನ್ನುವವರು ಹನ್ನೆರಡು ಗೋಧಿ ತಳಿಗಳ ಒಂದು ಪಟ್ಟಿ ಮಾಡಿದರು. ಎಲ್ಲಿಂದಲೋ ತಂದ ತುಕ್ಕನ್ನು ಈ ಹನ್ನೆರಡರ ಮೇಲೂ ಹಾಕುವುದು, ಯಾವುದು ಬಿತ್ತು ಯಾವುದು ನಿಂತಿತು ಎಂದು ಗುರುತು ಹಾಕಿಕೊಳ್ಳುವುದು, ಅದರ ಮೇಲೆ ಆ ತುಕ್ಕಿನ ಪಂಗಡಕ್ಕೆ ನಂಬರು ಕೊಡುವುದು. ಕಣ್ಣಿಗೆ ಒಂದೇ ಥರ ಕಾಣುವ ತುಕ್ಕಿನೊಳಗೆ ಎಷ್ಟು ಪಂಗಡಗಳಿವೆ ಅಂತ ಹೀಗೆ ತಿಳಿಯಿತು. ಆ ಪಟ್ಟಿಯ ಕೊನೆಯ ಹೆಸರು: ಖಪ್ಲಿ. ನಮ್ಮ ಜವೆಗೋಧಿಯೇ! ಪರೀಕ್ಷೆಗೆ ಓದುವಾಗ ಮಾರ್ಕ್ವಿಸ್, ಕೋಟಾ, ಕುಬಾಂಕಾ ಎಂದು ಬಾಯಿಪಾಠ ಮಾಡಿದ್ದೆ. ಖಪ್ಲಿ ಅಂದರೆ ಅವ್ವ ದೀಪಾವಳಿಗೆ ಕುಟ್ಟುವ ಗೋಧಿ ಎಂದು ಯಾವ ಮೇಷ್ಟ್ರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಮಧ್ಯಾಹ್ನ ರೊಟ್ಟಿ, ಬದನಿಕಾಯಿ, ಅಗಸಿ ಹಿಂಡಿ. ಅಗಸಿ ಹಿಂಡಿ ನೋಡಿ ನನಗೆ ನಗು ಬಂತು, ಅವ್ವನಿಗೆ ಸಿಟ್ಟು ಬಂತು, ಉಪ್ಪು ಹೆಚ್ಚಾಯಿತೇನೋ ಅಂದುಕೊಂಡಳು. ವಿಷಯ ಬೇರೆ ಇತ್ತು. ತುಕ್ಕಿನ ವಂಶವಾಹಿ ಲೆಕ್ಕ ಬಿಡಿಸಿದ್ದು ಅಗಸೆಯ ಮೇಲೆ. ನಾರ್ತ್ ಡಕೋಟಾದ ಹೆರಾಲ್ಡ್ ಫ್ಲೋರ್ ವರ್ಷಗಟ್ಟಲೆ ಅಗಸೆಗೆ ಅಗಸೆ, ಅಗಸೆ ತುಕ್ಕಿಗೆ ತುಕ್ಕು ಸಂಕರ ಮಾಡಿ, ಎರಡರ ಮಕ್ಕಳು ಮೊಮ್ಮಕ್ಕಳನ್ನೂ ಎಣಿಸಿದ. ಗೋಧಿ ತುಕ್ಕಿಗೆ ಮದುವೆಯಾಗಲು ಬಾರ್ಬೆರಿ ಎಂಬ ಬೇರೆ ಗಿಡ ಬೇಕು. ಅಗಸೆಯ ತುಕ್ಕು ತನ್ನ ಬಾಳೆಲ್ಲ ಅಗಸೆಯ ಮೇಲೇ ಕಳೆಯುತ್ತದೆ, ಹಾಗಾಗಿ ಕೆಲಸ ಸುಲಭ. 1940ರ ದಶಕದಲ್ಲಿ ಅವನು ಹೇಳಿದ್ದು ಇಷ್ಟು: ಗಿಡದಲ್ಲಿ ರೋಗ ತಡೆಯುವ ಒಂದೊಂದು ಜೀನಿಗೂ ತುಕ್ಕಿನಲ್ಲಿ ಅದಕ್ಕೆ ಸರಿಜೋಡಿಯಾದ ಒಂದು ಜೀನು ಇದೆ. ತುಕ್ಕಿನ ಆ ಜೀನಿನ ಗುರುತು ಸಿಕ್ಕರೇ ಗಿಡ ಎಚ್ಚರ.

ಅಣ್ಣನಿಗೆ ಇದನ್ನು ಹೇಳುವುದು ಹೇಗೆ? ಬಾಗಿಲಲ್ಲಿ ಮಲಗಿದ್ದ ನಾಯಿ ತೋರಿಸಿದೆ. "ನೋಡು, ನಾಯಿಗೆ ಕಳ್ಳನ ಮಾರಿ ಗೊತ್ತಿಲ್ಲ, ಅವನ ಚಪ್ಪಲಿ ಸಪ್ಪಳ ಅಷ್ಟ ಗೊತ್ತು. ಕಳ್ಳ ಚಪ್ಪಲಿ ಬಿಟ್ಟು ಬಂದ್ರ?"

"ಬೊಗಳೂದಿಲ್ಲ."

"ಅಷ್ಟ. ನಿನ್ನ ಬೀಜದಾಗಿನ ನಾಯಿ ಛಲೋನ ಐತಿ. ಭಂಡಾರ ಚಪ್ಪಲಿ ಬಿಟ್ಟೇತಿ."

ಅಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಅಂದ್ರ ರೋಗ ಹೊಸಾದೇನೂ ಕಲ್ತಿಲ್ಲ, ಇದ್ದದ್ದು ಕಳಕೊಂಡೈತಿ" ಅಂದ. ನನ್ನ ತರಗತಿಯಲ್ಲಿ ಈ ಮಾತು ಯಾರ ಬಾಯಿಂದಲೂ ಬಂದಿಲ್ಲ. ನಿಜಕ್ಕೂ ಹಾಗೇ. ದಂಟಿನ ತುಕ್ಕಿನಲ್ಲಿ ಗಿಡಕ್ಕೆ ಗುರುತು ಸಿಗುವ ಅಂಥ ಎರಡು ಜೀನುಗಳು 2017ರಲ್ಲಿ ಸಿಕ್ಕವು. ಅದರಲ್ಲೊಂದರ ನಡುವೆ ಜಿಗಿದಾಡುವ ಡಿಎನ್ಎ ತುಣುಕೊಂದು ಬಂದು ಕೂತು ಅದನ್ನು ಕೆಡಿಸಿರುವುದೂ ಕಂಡಿತು. ಜೀನು ಕೆಟ್ಟಿತು, ಸಪ್ಪಳ ನಿಂತಿತು, ಕಳ್ಳ ಒಳಗೆ.

ಹಾಗೆಂದು ಅದು ಸುಲಭವೂ ಅಲ್ಲ. ಈ ಕೆಂಪು ಪುಡಿಯ ಒಂದೊಂದು ಕಣದಲ್ಲೂ ಎರಡು ಕೋಶಕೇಂದ್ರಗಳು ಒಂದರೊಳಗೊಂದು ಬೆರೆಯದೆ ಪಕ್ಕಪಕ್ಕ ಇರುತ್ತವೆ, ಒಂದೇ ಮನೆಯಲ್ಲಿ ಎರಡು ಒಲೆ ಇದ್ದ ಹಾಗೆ. ಎರಡೂ ಕಡೆ ಜೀನು ಕೆಟ್ಟರೇ ಸಪ್ಪಳ ಪೂರ್ತಿ ನಿಲ್ಲುವುದು. ನಮ್ಮ ದೇಶದಲ್ಲಿ ಬಾರ್ಬೆರಿಯ ಮೇಲಿನ ಮದುವೆಗೆ ರೋಗ ಹರಡುವುದರಲ್ಲಿ ಪಾತ್ರವಿಲ್ಲ, ತುಕ್ಕು ತನ್ನದೇ ನಕಲು ತೆಗೆದುಕೊಳ್ಳುತ್ತ ಹೋಗುತ್ತದೆ, ನಡುವೆ ಎಲ್ಲೋ ಒಂದು ತಪ್ಪು. ಇನ್ನೊಂದು ದಾರಿ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಉಗಾಂಡಾದಲ್ಲಿ 1998ರಲ್ಲಿ ಕಂಡ, ಜಗತ್ತನ್ನೇ ಹೆದರಿಸಿದ ಯುಜಿ 99 ಪಂಗಡದ ಜೀನೋಮನ್ನು 2019ರಲ್ಲಿ ಬಿಡಿಸಿದಾಗ, ಅದರ ಎರಡು ಕೋಶಕೇಂದ್ರಗಳಲ್ಲಿ ಒಂದು ಆಫ್ರಿಕಾದ ಹಳೆಯ ಪಂಗಡದ್ದೇ ಎಂದು ತಿಳಿಯಿತು. ಎರಡು ತುಕ್ಕುಗಳ ಎಳೆ ಎಲ್ಲೋ ಕೂಡಿಕೊಂಡು, ಮದುವೆಯಿಲ್ಲದೆ ಇಡೀ ಕೋಶಕೇಂದ್ರವನ್ನೇ ಅದಲು ಬದಲು ಮಾಡಿಕೊಂಡಿವೆ. ಇದನ್ನು ಅಣ್ಣನಿಗೆ ಹೇಳಲಿಲ್ಲ. ಊಟ ಮುಗಿದಿತ್ತು, ಅವನ ಕಣ್ಣು ಎಳೆಯುತ್ತಿತ್ತು.

ಯುಜಿ 99ರ ಕಡೆಯವರಿಗೂ ಅಡ್ಡ ನಿಲ್ಲುವ ಜೀನುಗಳಲ್ಲಿ ಎಸ್‌ಆರ್ 13 ಒಂದು, ಅದು ಖಪ್ಲಿಯಲ್ಲಿದೆ. ಬಿಸಿಲು ಏರಿದಷ್ಟೂ ಅದರ ಕೆಲಸ ಚುರುಕು. ಅವ್ವನ ಸ್ವಭಾವ. ಹಾಗಂತ ಖಪ್ಲಿ ಸೋಲದ ಗೋಧಿಯೇನಲ್ಲ, ಅದನ್ನೂ ಬೀಳಿಸುವ ಪಂಗಡಗಳಿವೆ.

"ಎಲ್ಲಿಂದ ಬಂತಿದು?" ಅಂತ ಅಣ್ಣ ಹೊಲದಲ್ಲೇ ಕೇಳಿದ್ದ. ನಮ್ಮ ಬಯಲಿನ ಬೇಸಿಗೆಯಲ್ಲಿ ಇದು ಬದುಕುವುದಿಲ್ಲ. ಆಗ್ರಾದ ವಿಜ್ಞಾನಿ ಕೆ.ಸಿ. ಮೆಹ್ತಾ ತೋರಿಸಿದಂತೆ ಗುಡ್ಡಗಳ ತಂಪಿನಲ್ಲಿ ಉಳಿಯುತ್ತದೆ. ದಕ್ಷಿಣದಲ್ಲಿ ನೀಲಗಿರಿ, ಪಳನಿ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಾಗ ಆ ಗಾಳಿ ಹಿಡಿದು ಬಂದು ಮಳೆಯೊಡನೆ ಇಳಿಯುತ್ತದೆ. "ಊಟಿಯಿಂದ ಬಂದೈತೆನ್ನು," ಅಂದ, ಟೂರಿಗೆ ಹೋಗಿ ಬಂದವರ ಬಗ್ಗೆ ಹೇಳುವ ದನಿಯಲ್ಲಿ.

ನಾಳೆ ಅಣ್ಣ ಲೀಟರ್ ನೀರಿಗೆ 1 ಮಿಲೀ ಪ್ರೊಪಿಕೊನಜೋಲ್ ಎಂಬ ಶಿಲೀಂಧ್ರನಾಶಕ ಹೊಡೆಯುತ್ತಾನೆ. ತೆನೆ ಇನ್ನೂ ಹಾಲುಗಾಳು, ತಡವಾಗಿಲ್ಲ. ಎರಡು ದಂಟು ಕತ್ತರಿಸಿ ಕಾಗದದ ಲಕೋಟೆಯಲ್ಲಿ ಇಟ್ಟುಕೊಂಡೆ. ಪ್ಲಾಸ್ಟಿಕ್ಕಿನಲ್ಲಿ ಬೆವೆತು ಕೊಳೆಯುತ್ತದೆ. ಪರಿಚಯದ ರೋಗಶಾಸ್ತ್ರಜ್ಞರಿಗೆ ಕೊಟ್ಟರೆ ಪಂಗಡ ಗೊತ್ತಾಗಬಹುದು.

ಬಸ್ಸಿನಲ್ಲಿ ಬೈಲಹೊಂಗಲ ದಾಟಿದ ಮೇಲೆ ಅಂಗಿಯ ತೋಳು ಕಣ್ಣಿಗೆ ಬಿತ್ತು. ಲಕೋಟೆಯನ್ನು ಅಷ್ಟು ಜೋಪಾನ ಮಾಡಿದವನು ಮೈಮೇಲೆ ಲಕ್ಷ ಲಕ್ಷ ಬೀಜಕಣ ಹೊತ್ತು, ಕಿಟಕಿ ತೆರೆದು ಕೂತಿದ್ದೆ. ಹೊರಗೆ ರಸ್ತೆಯ ಎರಡೂ ಕಡೆ ಯಾರ್ಯಾರದೋ ಗೋಧಿ. ಕಿಟಕಿ ಎಳೆದು ಮುಚ್ಚಿದೆ. ಪಕ್ಕದ ಅಜ್ಜ "ಸೆಕಿ ಆಗತೈತಿ, ತಗೀರಿ" ಅಂದ. ತೆಗೆದೆ.

ಅಂಗಿ ಈಗ ಬಕೆಟ್ಟಿನಲ್ಲಿದೆ.